ಕೆಂಡ ಆರಿತ್ತೋ ಇಲ್ಲವೋ

೧

ಈ ಮುದುಕನ ನೆನಪು ಕೈಕೊಟ್ಟಿದೆ ಅಂತ ನಮ್ಮೂರ ಫೋನ್ ಗ್ರೂಪಿನಲ್ಲಿ ಹಾಕಿದವನು ಯಾರು? ನಿನ್ನ ತಾತ ಬಲೆಗೆ ಸಿಕ್ಕಿಸಿಕೊಂಡು ಲುಂಗಿ ಕಳೆದುಕೊಂಡದ್ದು ನದಿಯ ಯಾವ ದಡದಲ್ಲಿ ಎಂದು ಹೇಳಲೇ? ಬಾಯಿ ಮುಚ್ಚಿಕೊಂಡು ಕೇಳಿ. ಇದು ನಿನ್ನೆ ಬೆಳಗ್ಗೆ ನಮ್ಮ ಮನೆಯಲ್ಲೇ ನಡೆದದ್ದು. ಎಲ್ಲಿಂದ ಶುರು ಮಾಡಲಿ ಎಂಬುದಷ್ಟೇ ಗೊತ್ತಾಗುತ್ತಿಲ್ಲ.

'ಮೆಕಾಂಗ್ ನದಿಯ ಮೇಲೆ ಮಂಜು ಕವಿದಿತ್ತು...'

(ಡಿಲೀಟ್. ಮಂಜಿಗೂ ಇದಕ್ಕೂ ಏನು ಸಂಬಂಧ? ತುಟಿಯಿಂದ ಶುರು ಮಾಡುತ್ತೇನೆ.)

೨

ಮಾಲಿವನ್ ನನ್ನ ತಂಗಿ ಬುವಾಳ ಸೊಸೆ. ಅವಳ ಕೆಳತುಟಿಯ ಮೇಲೆ ನೀರುಗುಳ್ಳೆ ಎದ್ದಿತ್ತು. ಆರೋಗ್ಯ ಕೇಂದ್ರದ ನರ್ಸ್ ನೋಡಿ, "ಹರ್ಪಿಸ್ ಇದು. ಹಕ್ಕಳೆ ಉದುರೋವರೆಗೂ ಮಗೂಗೆ ಬಾಯಿ ತಾಗಿಸ್ಬೇಡ. ಸಣ್ಣ ಕೂಸಿಗೆ ಅಂಟಿದ್ರೆ ಕಷ್ಟ" ಅಂದಿದ್ದಳು.

ಮಗುವಿಗೆ ಐದು ತಿಂಗಳು. ಹೆಸರು ಕಪ್ಪೆ. (ಚೆಂದದ ಹೆಸರಿಟ್ಟು ದೆವ್ವಕ್ಕೆ ಆಸೆ ಹುಟ್ಟಿಸುವಷ್ಟು ದಡ್ಡರು ನಮ್ಮಲ್ಲಿಲ್ಲ.)

ಮಾಲಿವನ್ ಬಾಯಿಗೆ ಹಸಿರು ಬಟ್ಟೆ ಕಟ್ಟಿಕೊಂಡಳು. ನಾವು ಮುದ್ದು ಮಾಡುವುದು ಮೂಗಿನಿಂದ, ಕೆನ್ನೆ ಮೂಸಿ. ಅದನ್ನೂ ಬಿಟ್ಟಳು. ಕಪ್ಪೆ ಕೈಚಾಚಿದರೆ ಮುಖ ತಿರುಗಿಸಿಕೊಂಡು ಅಳುತ್ತಿದ್ದಳು.

"ಕಳ್ಳಿ ಥರ ಕಾಣ್ತೀಯಲ್ಲೇ" ಅಂದ ಗಂಡ ಸೊಂಫೊನ್.

"ಕಾಣ್ಲಿ ಬಿಡಿ. ಮಗೂಗೆ ಏನೂ ಆಗ್ಬಾರ್ದು."

೩

ಈಗ ಒಲೆಯ ಹತ್ತಿರ ಬನ್ನಿ. ಮಾಲಿವನ್ ಬುಟ್ಟಿಯಿಂದ ಅಂಟಕ್ಕಿ ಅನ್ನದ ಉಂಡೆ ತೆಗೆದಳು. ಬಟ್ಟೆ ಸರಿಸಿದಳು. ಬಾಯಿಗೆ ಹಾಕಿ ನುಣ್ಣಗೆ ಅಗಿದಳು, ತೆಗೆದು ಬಾಳೆ ಎಲೆಯಲ್ಲಿ ಮಡಿಸಿ ಒಲೆಯಲ್ಲಿಟ್ಟಳು, ಆಮೇಲೆ ಬೆರಳಿನಿಂದ ಕಪ್ಪೆಯ ಬಾಯಿಗಿಟ್ಟಳು. ಅವಳಮ್ಮ ಅವಳಿಗೆ ಮಾಡಿದ ಹಾಗೆ, ನಮ್ಮಮ್ಮ ನನಗೆ ಮಾಡಿದ ಹಾಗೆ. ನಾನು, ಬುವಾ ಇಬ್ಬರೂ ನೋಡುತ್ತಲೇ ಕೂತಿದ್ದೆವು. ನಮಗೆ ಕಂಡದ್ದು ಅನ್ನ. ಬಾಯಿ ಕಾಣಲೇ ಇಲ್ಲ.

ಎರಡನೇ ಉಂಡೆ ಬಾಯಿಗೆ ಹೋದಾಗ ನನ್ನ ಕಣ್ಣು ಆ ತುಟಿಯ ಗುಳ್ಳೆಯ ಮೇಲೆ ಬಿತ್ತು.

"ಬಾಯಲ್ಲೇನಮ್ಮ?"

"ಅನ್ನ, ಮಾವ."

"ಯಾರ ಬಾಯಲ್ಲಿ?"

ಅವಳ ದವಡೆ ಅಲ್ಲೇ ನಿಂತಿತು. ಉಗುಳಲೂ ಇಲ್ಲ, ನುಂಗಲೂ ಇಲ್ಲ.

"ತಾ ಇಲ್ಲಿ, ನಾನು ಅಗಿದು ಕೊಡ್ತೀನಿ" ಅಂದಳು ಬುವಾ. "ನಂಗೂ ಚಳಿ ಬಿದ್ರೆ ಇದೇ ಗುಳ್ಳೆ ಏಳತ್ತೆ. ಹಾಗಂತ ನಿನ್ನ ಗಂಡ ಕೂಸಾಗಿದ್ದಾಗ ಅವನ್ನ ಉಪವಾಸ ಕೆಡವಿದ್ನಾ?"

ಬಾಗಿಲಲ್ಲಿ ನಿಂತಿದ್ದ ಸೊಂಫೊನನ ಕೈ ತಾನಾಗಿ ತುಟಿಗೆ ಹೋಯಿತು. ಮುಂದಿನ ತುತ್ತಿಗೆ ಕಪ್ಪೆ ಬಾಯಿ ತೆರೆದುಕೊಂಡೇ ಇತ್ತು.

೪

ನರ್ಸಿಗೆ ಫೋನ್ ಮಾಡಿದೆವು.

"ಎಂಜಲು ತಾಗಿದ್ರೂ ಬಾಯಿ ತಾಗಿದ ಹಾಗೇನೇ. ಕೆಂಡದ ಮೇಲೆ ಚೆನ್ನಾಗಿ ಬೆಂದಿತ್ತಾ? ಬೆಂದಿದ್ರೆ ಭಯ ಕಮ್ಮಿ. ಆದ್ರೂ ಖಂಡಿತ ಹೇಳಕ್ಕಾಗಲ್ಲ. ಗೊತ್ತಾಗೋಕೆ ದಿನ ಹಿಡಿಯತ್ತೆ. ಜ್ವರ ಬಂದ್ರೆ, ಹಾಲು ಬಿಟ್ರೆ, ತಕ್ಷಣ ಕರ್ಕೊಂಡು ಬನ್ನಿ."

ಎಲ್ಲರೂ ನನ್ನ ಕಡೆ ತಿರುಗಿದರು. ಒಲೆಯ ಪಕ್ಕ ಕೂತಿದ್ದವನು ನಾನೇ. ನನಗೆ ನೆನಪಿರುವುದು ಎರಡು ಥರ.

ಅಂತ್ಯ ಒಂದು: ಕೆಂಡ ಕೆಂಪಗಿತ್ತು. ಎಲೆಯ ಅಂಚು ಸುಟ್ಟು ಘಮ್ಮೆಂದಿತ್ತು.

ಅಂತ್ಯ ಎರಡು: ಒಲೆಯಲ್ಲಿ ಬೂದಿ. ಎಲೆ ಹೇಗೆ ಹೋಯಿತೋ ಹಾಗೇ ಹಸಿರಾಗಿ ಹೊರಬಂತು.

(ಇದನ್ನು ಟೈಪ್ ಮಾಡುವಾಗ ಮಾಲಿವನ್ ಪಕ್ಕದಲ್ಲೇ ಇದ್ದಾಳೆ.)

"ಮಾವ, ಎರಡನೇದು ಅಳಿಸಿ."

"ಕಥೆ ನಂದಮ್ಮ."

"ಮಗು ನಂದು."



೫

ಕಪ್ಪೆ ಹಾಲು ಕುಡಿದು ಮಲಗಿದೆ. ಮಾಲಿವನ್ ಹಣೆ ಮುಟ್ಟಿ ನೋಡಲು ಮತ್ತೆ ಎದ್ದು ಹೋದಳು. ಹಣೆ ತಣ್ಣಗಿದೆಯಂತೆ. ಅದು ಈ ಹೊತ್ತಿನ ಮಾತು, ಅಂತ್ಯವಲ್ಲ. ಅಂತ್ಯ ನನ್ನಲ್ಲಿಲ್ಲ.

ಇದನ್ನು ಮುಂದೆ ಕಳಿಸಿ. ಮನೆಯಲ್ಲಿ ಕೂಸಿಗೆ ಅನ್ನ ಅಗಿದು ಕೊಡುವವರಿದ್ದರೆ ಮೊದಲು ಅವರಿಗೆ, ಪೂರ್ತಿ ಕಳಿಸಿ.

ಮಾಲಿವನ್ ಫೋನಿಗೆ ಮಾತ್ರ ಕೆಂಡ ಕೆಂಪಗಿತ್ತು ಅನ್ನುವಷ್ಟನ್ನೇ.