ಚಾಲಕಿಯ ಕಣ್ಣಡಿಯ ಗುಳಿ

ಆ ಬಸ್ ಚಾಲಕಿ ದಿಂಬಿಗೆ ತಲೆ ಕೊಟ್ಟರೆ ಸಾಕು, ಪಕ್ಕದಲ್ಲಿ ಡೋಲು ಬಡಿದರೂ ಏಳುವವಳಲ್ಲ. ಆದರೆ ಮುಖ ನೋಡಿದವರು ಅದನ್ನು ನಂಬುತ್ತಿರಲಿಲ್ಲ. ಕಣ್ಣಿನ ಕೆಳಗೆ ಗುಳಿ ಬಿದ್ದು, ಅಲ್ಲಿ ನೆರಳು ಕೂತು, ವಾರದಿಂದ ರೆಪ್ಪೆ ಮುಚ್ಚದವಳಂತೆ ಕಾಣುತ್ತಿದ್ದಳು. ಮುಂದಿನ ಸೀಟಿನವರು ಕನ್ನಡಿಯಲ್ಲಿ ಅವಳನ್ನು ಕಂಡು ಕಂಬಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಅದನ್ನೆಲ್ಲ ಅವಳು ನಕ್ಕು ತಳ್ಳಿಹಾಕುತ್ತಿದ್ದಳು. ಒಂದು ದಿನ ಯಾರೋ ದೂರು ಕೊಟ್ಟರು. ಡಿಪೋ ಮ್ಯಾನೇಜರ್ ಅವಳನ್ನು ಬಸ್ಸಿನಿಂದ ಇಳಿಸಿ ತಪಾಸಣೆಗೆ ಕಳಿಸಿದರು. ಯಾವ ದೋಷವೂ ಸಿಗಲಿಲ್ಲ. ಆದರೂ ಎಲ್ಲರೆದುರು ಇಳಿದು ಬಂದದ್ದು ಅವಳ ಮನಸ್ಸಿಗೆ ನಾಟಿತು.

"ಅದು ನಮ್ಮ ಮನೆತನದ ಕಣ್ಣು ಕಣೇ. ನಂಗಿಲ್ವಾ? ನಾನೇನು ಸೊರಗಿ ಹೋದ್ನಾ?" ಎಂದರು ಅಮ್ಮ.

"ನಿನ್ನ ಬೆನ್ನ ಹಿಂದೆ ಬಸ್ ತುಂಬ ಜನ ಕೂತಿರಲ್ಲಮ್ಮ."

ಅಕ್ಕ ಅವಳನ್ನು ಪ್ಲಾಸ್ಟಿಕ್ ಸರ್ಜನ್ ಹತ್ತಿರ ಕರೆದುಕೊಂಡು ಹೋದಳು. ವೈದ್ಯೆ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು.

"ಇದು ಬಣ್ಣ ಅಲ್ಲ, ಹಳ್ಳ. ಕ್ರೀಮ್ ಹಚ್ಚಿದ್ರೆ ತುಂಬಲ್ಲ. ನಿಮ್ಮ ತೊಡೆಯಿಂದ ಒಂಚೂರು ಕೊಬ್ಬು ತೆಗೆದು ಅಲ್ಲಿಗೆ ಹಾಕಬಹುದು. ಹಾಕಿದ್ದೆಲ್ಲ ಉಳಿಯಲ್ಲ, ಸ್ವಲ್ಪ ಕರಗುತ್ತೆ. ಕಣ್ಣಿನ ಹತ್ತಿರದ ಕೆಲಸ, ಅಪಾಯವೇ ಇಲ್ಲ ಅನ್ನಲಾರೆ. ಯೋಚಿಸಿ ಬನ್ನಿ."

"ಡಾಕ್ಟ್ರೇ, ನಂದೇ ತಗೊಳ್ಳಿ. ಬೇಕಾದಷ್ಟಿದೆ," ಎಂದಳು ಮೈ ತುಂಬಿಕೊಂಡಿದ್ದ ಅಕ್ಕ.

"ಅವರದ್ದೇ ಆಗ್ಬೇಕಮ್ಮ."

"ಅಷ್ಟು ಪುಣ್ಯ ನಂಗೆಲ್ಲಿ," ಎಂದು ಅಕ್ಕ ನಿಟ್ಟುಸಿರು ಬಿಟ್ಟಳು.

ಚಾಲಕಿ ಯೋಚಿಸಿದಳು, ಕೊನೆಗೆ ಹೋಗಿ ಕೊಬ್ಬು ಹಾಕಿಸಿಕೊಂಡಳು. ಮದ್ದು ಕೊಟ್ಟು ಮರಗಟ್ಟಿಸಿದ್ದರಿಂದ ನೋವಾಗಲಿಲ್ಲ, ಕಣ್ಣಿನ ಕೆಳಗೆ ಯಾರೋ ಮೆಲ್ಲಗೆ ಒತ್ತಿದಂತಾಯಿತು, ಅಷ್ಟೇ. ಆದರೆ ಮರುದಿನ ಕನ್ನಡಿ ನೋಡಿದರೆ, ಮುಖ ಊದಿ, ನೀಲಿಗಟ್ಟಿ, ಕಣ್ಣು ಎರಡು ಗೀರಾಗಿತ್ತು.

"ಇದ್ದದ್ದನ್ನೂ ಕೆಡಿಸ್ಕೊಂಡ್ನಲ್ಲಮ್ಮ," ಎಂದು ಅತ್ತಳು.

ಇದೆಲ್ಲ ಬೇಡವೆಂದಿದ್ದ ಅಮ್ಮನೇ ಈಗ ತಲೆ ಎತ್ತರಕ್ಕಿರಲೆಂದು ಎರಡು ದಿಂಬು ಇಟ್ಟು, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. "ಇಳಿಯುತ್ತೆ, ತಡಿ," ಎಂದು ತಲೆ ನೇವರಿಸಿದರು. ಬಾಗಿಲಿಂದ ಇಣುಕಿದ ಅಕ್ಕ, "ಹೊಡೆದವರಿಗೆ ನೀನೂ ಒಂದೆರಡು ಬಿಟ್ಟೆ ತಾನೇ?" ಎಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಕೆನ್ನೆ ಎಳೆಯುತ್ತಿತ್ತು.

ಬಾವು ಇಳಿಯಿತು. ತಿಂಗಳುಗಳು ಕಳೆದು ಮುಖ ಒಂದು ಹದಕ್ಕೆ ಬಂದಾಗ ಹಳ್ಳ ಬಹುಪಾಲು ತುಂಬಿತ್ತು. ಒಂದು ತೆಳು ನೆರಳು ಮಾತ್ರ ಉಳಿದಿತ್ತು.

"ಬೇಕಿದ್ರೆ ಇನ್ನೊಂದು ಸಲ ಹಾಕೋಣ," ಎಂದರು ವೈದ್ಯೆ.

ಅವಳು ಪಕ್ಕದಲ್ಲಿದ್ದ ಅಮ್ಮನ ಮುಖ ನೋಡಿದಳು. "ಸಾಕು ಡಾಕ್ಟ್ರೇ. ಇಷ್ಟು ಇರ್ಲಿ."

ಮರುದಿನ ಬೆಳಿಗ್ಗೆ, ಎಷ್ಟೋ ತಿಂಗಳ ನಂತರ ಅವಳ ಜೊತೆ ಡ್ಯೂಟಿ ಬಿದ್ದ ಕಂಡಕ್ಟರ್ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅವಳನ್ನೇ ದಿಟ್ಟಿಸಿದ.

"ಏನೋ ಬದಲಾಗಿದೆಯಲ್ಲಕ್ಕ. ಜಡೆ ಬೇರೆ ಥರ ಹಾಕಿದೀರಾ?"

"ಹೂಂ, ಹಂಗೇ ಅಂದ್ಕೋ," ಎಂದು ಅವಳು ಗೇರ್ ಹಾಕಿದಳು.