ವರ್ನಿಯರಿನ ಗೆರೆಗಳು

ಹಟ್ಟಿ ಗಣಿಯಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದು ಲಿಂಗಸುಗೂರಿಗೆ ಬಂದು ನೆಲೆಸಿದ್ದ ಕರಿಬಸಯ್ಯನಿಗೆ ಎಡಗಣ್ಣು ಹೋಗಿತ್ತು. ಬಲಗಣ್ಣೂ ಮಂಜಾಗುತ್ತಿತ್ತು. ಹೋದ ದೃಷ್ಟಿ ಮತ್ತೆ ಬರುವುದಿಲ್ಲ ಎಂದು ರಾಯಚೂರಿನ ಡಾಕ್ಟರು ಹೇಳಿದ್ದನ್ನು ಅವನು ಹೆಂಡತಿ ಪಾರ್ವತೆಮ್ಮನಿಗೂ ತಿಳಿಸಿರಲಿಲ್ಲ, ಮಗಳು ಶಿವಕುಮಾರಿಗೂ ತಿಳಿಸಿರಲಿಲ್ಲ. ತಿಳಿದರೆ ಮಗಳ ರೈಫಲಿಗೆ ಕಾಡತೂಸು ತುಂಬುವ ಕೆಲಸದಿಂದ ತನ್ನನ್ನು ಬಿಡಿಸುತ್ತಾರೆ ಎಂಬ ಅಂಜಿಕೆ.

ಶಿವಕುಮಾರಿ ಮಸ್ಕಿಯ ಒಂದು ಶಾಲೆಯಲ್ಲಿ ಪಿ.ಟಿ. ಟೀಚರು. ಮುನ್ನೂರು ಮೀಟರಿನ ರೈಫಲ್ ಸ್ಪರ್ಧೆಯಲ್ಲಿ ಎರಡು ಸಲ ಒಂದೆರಡು ಅಂಕದಲ್ಲಿ ರಾಜ್ಯ ತಂಡದ ಸ್ಥಾನ ಕಳೆದುಕೊಂಡವಳು. ಸಿಂಧನೂರಿನ ಕ್ಲಬ್ಬಿನಲ್ಲಿದ್ದ ಆ ದೊಡ್ಡ ರೈಫಲನ್ನು ಹೊಡೆಯುವವಳು ಅವಳೊಬ್ಬಳೇ. ಈ ವರ್ಷವೂ ಆಯ್ಕೆಯಾಗದಿದ್ದರೆ ಲೈಸೆನ್ಸ್ ಸಮೇತ ಅದನ್ನು ಸರ್ಕಾರಕ್ಕೆ ವಾಪಸ್ ಕೊಟ್ಟುಬಿಡುವುದೆಂದು ಕ್ಲಬ್ಬಿನವರು ಮೊದಲೇ ಹೇಳಿದ್ದರು. ಅವಳ ಕಾಡತೂಸುಗಳನ್ನು ಕ್ಲಬ್ಬಿನ ಪರವಾನಗಿಯಲ್ಲಿ ತುಂಬುತ್ತಿದ್ದವನು ಅಪ್ಪನೇ.

ಆಯ್ಕೆ ಸ್ಪರ್ಧೆಗೆ ಎಂಟು ದಿನ ಇದ್ದಾಗ ಹೊಸ ಗುಂಡುಗಳು ಬಂದವು. ಹಳೆಯವಕ್ಕಿಂತ ಮೂತಿ ಚೂಪಾಗಿತ್ತು, ಉದ್ದವಾಗಿತ್ತು. ಗುಂಡು ಹಿತ್ತಾಳೆಯ ಕೇಸಿನೊಳಗೆ ಎಷ್ಟು ಆಳ ಕೂರಬೇಕೆಂಬುದು, ಗುಂಡು ಒತ್ತುವ ಪ್ರೆಸ್ಸಿಗೆ ಹಾಕುವ ಡೈ ಎಂಬ ಅಚ್ಚಿನ ಮೇಲಿದೆ. ಆಳ ಕಡಿಮೆಯಾದರೆ ಗುಂಡು ನಳಿಗೆಯಲ್ಲಿ ಕಚ್ಚಿಕೊಳ್ಳುತ್ತದೆ. ಗುಂಡಿನ ಆಕಾರ ಬದಲಾದರೆ ಡೈಯ ಸ್ಕ್ರೂವನ್ನು ಚೂರುಚೂರೇ ತಿರುಗಿಸುತ್ತ, ಪ್ರತಿ ಸಲ ವರ್ನಿಯರ್ ಎಂಬ ಸೂಕ್ಷ್ಮ ಅಳತೆಪಟ್ಟಿಯಿಂದ ಕಾಡತೂಸಿನ ಉದ್ದ ಅಳೆಯುತ್ತ, ಹೊಸದಾಗಿ ಹೊಂದಿಸಬೇಕು. ಹಾಗೆ ಹೊಂದಿಸಿದ ಮೇಲೆ ಮದ್ದಿಲ್ಲದ ಒಂದು ಕಾಡತೂಸನ್ನು ರೈಫಲಿಗೆ ಹಾಕಿ ನೋಡದೆ ಕರಿಬಸಯ್ಯ ಎಂದೂ ಮುಂದುವರಿದವನಲ್ಲ. ಆದರೆ ಚುನಾವಣೆ ಎಂದು ರೈಫಲು ಠಾಣೆಯಲ್ಲಿ ಜಮೆಯಾಗಿತ್ತು. ಸ್ಪರ್ಧೆಯ ಹಿಂದಿನ ದಿನ, ಊರು ಬಿಡುವ ಹೊತ್ತಿಗಷ್ಟೇ ಕೈಗೆ ಸಿಗುವುದಿತ್ತು.

ಭಾನುವಾರ ಶಿವಕುಮಾರಿ ಕ್ಲಬ್ಬಿಗೆ ಬಂದಳು. ಅಪ್ಪ ವರ್ನಿಯರನ್ನು ಮುಖದ ಹತ್ತಿರ ಹಿಡಿದು ನೋಡುತ್ತಿದ್ದ.

“ಒಂದು ನಾ ಅಳೀಲೇನಪ್ಪ?”

“ಫಿಟ್ಟರಗ ವರ್ನಿಯರ್ ಹಿಡಿಯಾದು ಕಲಸ್ತೀಯೇನು? ಬಸ್ ತಪ್ಪತೈತಿ, ಹೋಗು ನೀ.”

ಅವಳು ನಕ್ಕು ಹೊರಟುಹೋದಳು. ಕರಿಬಸಯ್ಯ ವರ್ನಿಯರನ್ನು ಕಿಟಕಿಯ ಬೆಳಕಿಗೆ ಒಯ್ದ. ಸಣ್ಣ ಗೆರೆಗಳೆಲ್ಲ ಒಂದರೊಳಗೊಂದು ಕೂಡಿಕೊಂಡಿದ್ದವು. ಕಣ್ಣೊರೆಸಿಕೊಂಡು ಮತ್ತೆ ನೋಡಿದ. ಕೊನೆಗೆ ಇದೇ ಗೆರೆ ಇರಬೇಕು ಅಂದುಕೊಂಡು, ಡೈ ಅಲುಗದಂತೆ ಅದರ ರಿಂಗು ಬಿಗಿದು, ಸಂಜೆಯೊಳಗೆ ಎಂಬತ್ತು ಕಾಡತೂಸು ತುಂಬಿಟ್ಟ.

ಸ್ಪರ್ಧೆಯ ಮುಂಜಾನೆ ಅವನು ಮಗಳ ಹಿಂದೆ, ಹಗ್ಗದ ಆಚೆ ಕೂತಿದ್ದ. ಮೊದಲ ಕಾಡತೂಸು ಹಾಕಿ ರೈಫಲಿನ ಹಿಂಬದಿಯ ಬೋಲ್ಟು ಮುಚ್ಚುವಾಗಲೇ ಏನೋ ತಡೆದಂತಾಯಿತು. ಬಿಗಿಯಾಯಿತೆಂದು ಬೋಲ್ಟನ್ನು ಹಿಂದಕ್ಕೆಳೆದಳು. ಕೇಸಷ್ಟೇ ಹೊರಬಂತು. ಗುಂಡು ನಳಿಗೆಯಲ್ಲೇ ಕಚ್ಚಿಕೊಂಡಿತ್ತು, ಮದ್ದಿನ ಕಾಳುಗಳು ರೈಫಲಿನೊಳಗೆಲ್ಲ ಚೆಲ್ಲಿದ್ದವು. ಅಧಿಕಾರಿಗಳು ಬಂದು ಸರಳು ಹಾಕಿ ಗುಂಡನ್ನು ಹೊರದೂಡಿ, ಒಳಗೆಲ್ಲ ಒರೆಸಿಕೊಟ್ಟರು. ಎರಡನೆಯದೂ ಹಾಗೇ ಕಚ್ಚಿತು. ಅವರಲ್ಲೊಬ್ಬರು ಪೆಟ್ಟಿಗೆಯಿಂದ ನಾಲ್ಕಾರು ಕಾಡತೂಸು ತೆಗೆದು ಅಳೆದು, ಉದ್ದ ಹೆಚ್ಚಾಗಿದೆ, ಇವುಗಳಿಂದ ಹೊಡೆಯಲು ಬಿಡುವುದಿಲ್ಲ ಅಂದರು. ಬೇರೆ ಕಾಡತೂಸು ಅವಳಲ್ಲಿರಲಿಲ್ಲ. ಅವಳು ಚಾಪೆ ಸುತ್ತಿದಳು.

ಗೇಟಿನ ಹತ್ತಿರದ ಬೇವಿನ ಕೆಳಗೆ ಶಿವಕುಮಾರಿ ಅಪ್ಪನ ಚೀಲದಿಂದ ವರ್ನಿಯರ್ ತೆಗೆದು, ತಾನೂ ಒಂದು ಕಾಡತೂಸನ್ನು ಅಳೆದಳು. ಹಾಗೇ ಅವನ ಕೈಗೆ ಕೊಟ್ಟಳು.

“ಎಷ್ಟೈತಿ, ಓದಪ್ಪ.”

ಅವನು ಹತ್ತಿರ ಹಿಡಿದ, ದೂರ ಹಿಡಿದ. ಹಾಗೇ ತೊಡೆಯ ಮೇಲೆ ಇಟ್ಟುಕೊಂಡ.

“ಯಾವಾಗಿಂದ?”

“ದೀಪಾವಳಿಗಿಂತ ಮುಂಚಿಂದ.”

“ಅವ್ವಗ ಗೊತ್ತೈತೇನು?”

“ಇಲ್ಲ.”

“ನಾ ಅಳೀಲೇನಂತ ಅವತ್ತ ಕೇಳಿದ್ದೆ.”

“ಕೇಳಿದ್ದಿ.”

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಕೂತಲ್ಲಿಂದ ಏಳುವ ಶಕ್ತಿಯಾದರೂ ಬರುತ್ತಿತ್ತೇನೋ.

ಮನೆಗೆ ಬಂದಾಗ ಪಾರ್ವತೆಮ್ಮ ಏನಾಯಿತೆಂದು ಕೇಳಿದಳು. “ಗಾಳಿ ಭಾಳ ಇತ್ತಬೇ, ಆಗಲಿಲ್ಲ,” ಅಂದಳು ಶಿವಕುಮಾರಿ. ಕರಿಬಸಯ್ಯ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ.

ನಾಲ್ಕು ದಿನ ತಡೆದು ಅವನು ಸಿಂಧನೂರಿಗೆ ಹೋಗಿ, ಕ್ಲಬ್ಬಿನ ಕಾರ್ಯದರ್ಶಿ ಯಂಕೋಬನ ಮುಂದೆ ಎಲ್ಲ ಹೇಳಿದ. “ತಪ್ಪು ನಂದ್ರೀ. ಹುಡುಗಿದು ಏನೂ ಇಲ್ಲ. ಮುಂದಿನ ವರ್ಷ ಆಕಿಗೆ ಇನ್ನೊಂದು ಸಲ ಬಿಡ್ರಿ.”

ಯಂಕೋಬ ಮೇಜಿನ ಮೇಲಿನ ಕಾಗದಗಳನ್ನು ಒತ್ತಟ್ಟಿಗೆ ಸರಿಸಿದ. “ಕರಿಬಸಯ್ಯನವರ, ರೈಫಲ್ ವಾಪಸ್ ಮಾಡೀವ್ರಿ. ಕಾಗದ ನಿನ್ನೇನ ಹೋಗೈತಿ. ನೀವು ಮೊದಲ ಒಂದು ಮಾತು ಹೇಳಿದ್ರ...” ಮಾತನ್ನು ಅಲ್ಲಿಗೇ ಬಿಟ್ಟು ಚಹಾ ತರಿಸಿದ.

ಬಸ್‌ಸ್ಟ್ಯಾಂಡಿನಿಂದ ಕರಿಬಸಯ್ಯ ಮಗಳಿಗೆ ಫೋನ್ ಮಾಡಿದ. ಅವಳ ಹಿಂದೆ ಶಾಲೆಯ ಮಕ್ಕಳ ಗದ್ದಲ ಕೇಳುತ್ತಿತ್ತು.

“ಯಂಕೋಬಗ ಎಲ್ಲಾ ಹೇಳಿದೆ ಶಿವೂ.”

“ಏನಂದ?”

“ರೈಫಲ್ ಕೊಟ್ಟಬಿಟ್ಟಾರಂತ.”

ಫೋನಿನ ಆಚೆ ಶಾಲೆಯ ಗಂಟೆ ಹೊಡೆಯಿತು.

“ಇರಲಿ ಬಿಡಪ್ಪ. ಪಿರಿಯಡ್ ಐತಿ, ಇಡ್ತೀನಿ,” ಅಂದಳು.