ಕದ್ದ ಕಿವಿ, ಕೊಟ್ಟ ಕಿವಿ

ನಮ್ಮ ಹಲ್ಲು ಡಾಕ್ಟ್ರಿಗೆ ಎರಡು ಥರದ ರೂಟ್ ಗೊತ್ತಿತ್ತು. ಕ್ಲಿನಿಕ್ ತೆಗೆದಿರುವಾಗ ಹಲ್ಲಿನ ರೂಟು, ಬಾಗಿಲು ಹಾಕಿದ ಮೇಲೆ ಫೋನಿನ ರೂಟು, ಅಂದ್ರೆ ಕಂಪನಿ ಹಾಕಿದ ಬೀಗ ಬಿಚ್ಚೋದು. ಎರಡರಲ್ಲೂ ಕೆಲಸ ಒಂದೇ: ‘ಇನ್ನು ಆಗಲ್ಲ, ಬಿಸಾಕಿ’ ಅಂತ ಯಾರೋ ಹೇಳಿದ್ದನ್ನ ಉಳಿಸಿಕೊಳ್ಳೋದು.

ಕಂಪನಿ ಕೈಬಿಟ್ಟ ಒಂದು ಹಳೇ ಫೋನಿತ್ತು. ಅದನ್ನ ಕೈಬಿಡೋಕೆ ಮನಸ್ಸಾಗದ ಒಂದಷ್ಟು ಜನ ಇಂಟರ್ನೆಟ್ಟಲ್ಲಿ ಗುಂಪು ಕಟ್ಟಿಕೊಂಡು, ಎಲ್ಲರ ಬಳಕೆಗೂ ಬಿಟ್ಟಿರೋ ಆಪರೇಟಿಂಗ್ ಸಿಸ್ಟಮ್ ತಗೊಂಡು, ಹರಿದ ಕಡೆ ತೇಪೆ ಹಾಕಿ, ಪುಕ್ಕಟೆ ಹಂಚ್ತಿದ್ರು. ಯಾರ ಮುಖ ಯಾರಿಗೂ ಗೊತ್ತಿಲ್ಲ. ಒಬ್ಬರು ‘ಗೂಬೆ’, ಇನ್ನೊಬ್ಬರು ‘ಹಳೇ ಬ್ಯಾಟ್ರಿ’, ನಮ್ಮ ಡಾಕ್ಟ್ರು ‘ದವಡೆ’. ಗುಂಪಿನ ಕಟ್ಟುನಿಟ್ಟು ಒಂದೇ: ಕಂಪನಿಯ ಸ್ವಂತ ಆ್ಯಪ್‌ಗಳನ್ನ ಹೀಗೆ ಹಂಚೋ ಪೊಟ್ಟಣದಲ್ಲಿ ಸೇರಿಸೋ ಹಾಗಿಲ್ಲ. ಬೇಕಾದೋರು ಅವರವರ ಫೋನಿಂದ ಮೊದಲೇ ತೆಗೆದಿಟ್ಟುಕೊಂಡು, ಆಮೇಲೆ ತಾವೇ ಹಾಕ್ಕೋಬೇಕು.

ಡಾಕ್ಟ್ರು ಇದನ್ನ ಮುರಿದಿದ್ದು ಅತ್ತೆಗೋಸ್ಕರ. ಹೆಂಡತಿಯ ತಾಯಿ, ಇವರ ಜೊತೆಗೇ ಇದ್ರು. ಅವರ ಕಿವಿ ಮಿಷನ್ನೂ ಆ ಫೋನೂ ಒಂದೇ ಕಂಪನೀದು. ಫೋನಲ್ಲಿ ಕಂಪನಿಯ ಆ್ಯಪ್ ಇದ್ರೆ ಮಾತ್ರ ಮಿಷನ್ನಿನ ಸದ್ದು ಹದಕ್ಕೆ ಬರ್ತಿತ್ತು. ಇಲ್ಲದಿದ್ರೆ ಪಾತ್ರೆ ಸದ್ದು ಗುಡುಗು, ಮಗಳ ಮಾತು ಗುಸುಗುಸು. ಅತ್ತೆಯ ಫೋನು ಬಕೆಟ್ಟಿಗೆ ಬಿದ್ದು ಪ್ರಾಣ ಬಿಡ್ತು. ಸೆಕೆಂಡ್‌ಹ್ಯಾಂಡಲ್ಲಿ ತಂದ ಅದೇ ಮಾಡೆಲ್ಲು ಒಳಗೆಲ್ಲ ಅಳಿಸಿಕೊಂಡು ಬಂದಿತ್ತು, ಆ್ಯಪ್ ಇರಲಿಲ್ಲ, ಕಂಪನಿ ಅದನ್ನ ಕೊಡೋದೂ ನಿಲ್ಲಿಸಿತ್ತು. ಆಗ ಡಾಕ್ಟ್ರು ಅಂಥದೇ ಫೋನಿದ್ದ ಒಬ್ಬ ಪೇಷೆಂಟನ್ನ ಕೇಳಿದ್ರು. ಬಾಯಿ ತೆರೆದು ಕೂತಿದ್ದ ಆತ ‘ಆ’ ಅಂದಿದ್ದೇ ಒಪ್ಪಿಗೆ ಅಂದ್ಕೊಂಡು ಆ್ಯಪ್ ಎತ್ತಿಕೊಂಡ್ರು. ಅಷ್ಟಕ್ಕೇ ಬಿಟ್ರಾ? ಪಾಪ, ಇಂಥ ಅತ್ತೆಯರು ಇನ್ನೆಷ್ಟು ಮನೇಲಿದಾರೋ ಅಂತ ಕರುಣೆ ಉಕ್ಕಿ, ಗುಂಪಿನ ಪೊಟ್ಟಣಕ್ಕೂ ಸೇರಿಸಿಬಿಟ್ರು.

ಕಂಪನಿಯಿಂದ ಇಮೇಲ್ ಬಂತು. ಕಾಪಿರೈಟ್ ಉಲ್ಲಂಘನೆ. ಆ್ಯಪ್ ತೆಗೆಯದಿದ್ರೆ ಗುಂಪಿನ ಪುಟವನ್ನೇ ಮುಚ್ಚಿಸ್ತೀವಿ.

ಹೆಂಡತಿಯ ತಂಗಿ ವಕೀಲೆ. ಮನೆಗೆ ಬಂದವಳೇ ಇಮೇಲ್ ಓದಿ ಕನ್ನಡಕ ತೆಗೆದಳು.

“ಭಾವ, ನೀವು ಮಾಡಿರೋದಕ್ಕೆ ನಮ್ಮ ಕಡೆ ಒಂದು ಹೆಸರಿದೆ.”

“ಸಮಾಜಸೇವೆ?”

“ಕಳ್ಳತನ. ಸ್ವಲ್ಪ ಧಾರಾಳವಾದ ಕಳ್ಳತನ.”

“ಹಂಗಾದ್ರೆ ಇಡೀ ಸಿಸ್ಟಮ್ಮೇ ಕಳ್ಳಮಾಲಾ?”

“ಅಲ್ಲ ಭಾವ. ಅದರ ಲೈಸೆನ್ಸ್ ಓದಿದೆ. ತಿದ್ದಿ, ಹಂಚಿ, ಬರೆದೋರ ಹೆಸರು ಮಾತ್ರ ಅಳಿಸಬೇಡಿ ಅಂದಿದಾರೆ. ಕಂಪನಿಯೋರೂ ಅಲ್ಲಿಂದಲೇ ತಗೊಂಡಿರೋದು. ಬಯಲು ಎಲ್ಲರದೂ. ಆದ್ರೆ ಬಯಲಲ್ಲಿ ಅವರು ಹಾಕಿರೋ ಮಂಚ ಅವರದು. ನೀವು ಮಂಚ ಹೊತ್ಕೊಂಡು ಬಂದಿದೀರಿ.”

“ಸರಿ ವಕೀಲಮ್ಮ, ಪುಟದಿಂದ ತೆಗೀತೀನಿ. ಅತ್ತೆ ಫೋನಲ್ಲಿರೋದನ್ನ ಯಾರು ಬಂದು ನೋಡ್ತಾರೆ?”

ನಾದಿನಿ ಅಮ್ಮನ ಕೋಣೆ ಕಡೆ ನೋಡಿದಳು. ಕಾನೂನು ಅವಳ ಬಾಯಲ್ಲಿತ್ತು, ಕಿವಿ ಅಮ್ಮಂದಾಗಿತ್ತು.

ಅಷ್ಟರಲ್ಲಿ ಅತ್ತೆ ಒಳಗಿಂದ ಬಂದ್ರು. “ಅಳಿಯಂದ್ರೇ, ಆ್ಯಪ್ ತುಂಬಾ ಚೆನ್ನಾಗಿದೆ. ನಿಮ್ಮನ್ನ ಕಳ್ಳ ಅಂದಿದ್ದೂ ಸ್ಪಷ್ಟವಾಗಿ ಕೇಳಿಸ್ತು. ತೆಗೆದುಬಿಡಿ.”

“ಆಮೇಲೆ ನಿಮಗೆ ಕೇಳೋದು ಹೇಗೆ?”

“ಕಿರುಚಿ. ಗಂಡ ಹೆಂಡತಿ ಜಗಳ ಆಡುವಾಗ ಮಿಷನ್ ಇಲ್ಲದೇನೂ ಕೇಳಿಸುತ್ತೆ.”

ಡಾಕ್ಟ್ರು ಎರಡೂ ಕಡೆಯಿಂದ ತೆಗೆದ್ರು. ತಾನು ಮಾಡಿದ್ದು ತಪ್ಪು, ಅತ್ತೆಯ ಫೋನೂ ಈಗ ಖಾಲಿ ಅಂತ ಗುಂಪಿನ ಪುಟದಲ್ಲಿ ಇದ್ದದ್ದು ಇದ್ದ ಹಾಗೆ ಬರೆದ್ರು.

ಮನೆಯಲ್ಲಿ ಕೂಗಾಟ ಶುರುವಾಯ್ತು. “ಅಮ್ಮಾ, ಉಪ್ಪು ಸಾಕಾ?” ಅಂತ ಹೆಂಡತಿ ಕೂಗಿದ್ರೆ ಎದುರುಮನೆಯೋರು “ಸಾಕು” ಅಂತಿದ್ರು. ನಗು ಬರೋ ವಿಷಯವೇ. ಆದ್ರೆ ಊಟಕ್ಕೆ ಕೂತಾಗ ಅತ್ತೆ ಎಲ್ಲರ ಮುಖ ನೋಡಿ, ಎಲ್ಲರೂ ನಕ್ಕ ಮೇಲೆ ತಾವೂ ನಗ್ತಿದ್ರು. ಅದು ಕಣ್ಣಿಗೆ ಬಿದ್ದ ದಿನ ಡಾಕ್ಟ್ರು ಅರ್ಧ ಊಟಕ್ಕೇ ಕೈ ತೊಳೆದ್ರು.

ಅಷ್ಟರಲ್ಲಿ ಗೂಬೆಯಿಂದ ಮೆಸೇಜ್. ಬೇರೆ ಭಾಷೆ, ತಾತ್ಪರ್ಯ ಇಷ್ಟು: ‘ದವಡೆ, ನನ್ನ ಕಿವೀಲೂ ಅದೇ ಮಿಷನ್. ಕಂಪನಿ ಆ್ಯಪ್ ಬಿಚ್ಚಿ ನೋಡದೆ, ಮಿಷನ್ ಫೋನನ್ನ ಏನು ಕೇಳುತ್ತೆ, ಏನು ಹೇಳಿದ್ರೆ ಒಪ್ಪುತ್ತೆ ಅಂತ ಗಮನಿಸಿ ನಾನೇ ಒಂದು ಆ್ಯಪ್ ಬರೆದಿದೀನಿ. ನನ್ನದಲ್ಲದ ಇನ್ನೊಂದು ಕಿವೀಲಿ ಪರೀಕ್ಷೆ ಆಗ್ಬೇಕು, ಅದಕ್ಕೆ ಅವರದ್ದು ಚೂರೂ ಇಲ್ಲದ ಫೋನು ಬೇಕು. ಎಲ್ಲರ ಫೋನಲ್ಲೂ ನಿನ್ನ ಪೊಟ್ಟಣ ಕೂತಿದೆಯಲ್ಲೋ ಪುಣ್ಯಾತ್ಮ, ತೆಗೆಯೋಕೆ ಯಾರೂ ಒಪ್ತಿಲ್ಲ! ನಿಮ್ಮತ್ತೆ ಫೋನು ನಿಜವಾಗ್ಲೂ ಖಾಲೀನಾ?’

ಖಾಲಿಯೇ. ಇಡೀ ಗುಂಪಲ್ಲಿ ಅದೊಂದೇ.

ನಾದಿನಿ ಆ್ಯಪ್ಪಿನ ಪುಟ ಮೇಲಿಂದ ಕೆಳಗೆ ಓದಿದಳು. “ನಕಲು ಮಾಡಿಲ್ಲ. ಯಾವ ಸಾಲು ಯಾವಾಗ ಬರೆದಿದ್ದು, ಯಾಕೆ, ಎಲ್ಲಾ ಇದೆ. ಇದು ಗೂಬೆಯ ಸ್ವಂತದ್ದು. ಹಾಕಿ ಭಾವ, ಬೇಗ.” ಆ ‘ಬೇಗ’ದಲ್ಲಿ ವಕೀಲಿಕೆ ಚೂರೂ ಇರಲಿಲ್ಲ.

ಕ್ಲಿನಿಕ್ಕಿನ ಕುರ್ಚಿಯಲ್ಲೇ ಅತ್ತೆಯನ್ನ ಕೂರಿಸಿದ್ರು. “ತೊಂದರೆ ಆದ್ರೆ ಕೈ ಎತ್ತಿ” ಅಂದ್ರು ಡಾಕ್ಟ್ರು, ಅಭ್ಯಾಸಬಲ. ಮೊದಲ ಸಲ ಶಿಳ್ಳೆ ಹೊಡೀತು, ಕೈ ಮೇಲೆ. ಗೂಬೆಗೆ ತಿಳಿಸಿದ್ರು, ತಿದ್ದಿ ಬಂತು. ಮತ್ತೆ ಕೈ, ಮತ್ತೆ ತಿದ್ದುಪಡಿ. ಮೂರನೇ ಸಲ ಕೈ ಏಳಲಿಲ್ಲ. ಅತ್ತೆ ಗಿರ್ ಅಂತಿದ್ದ ಫ್ಯಾನ್ ಕಡೆ ನೋಡಿದ್ರು. ಹಿಂದುಗಡೆ ಹೆಣ್ಮಕ್ಕಳಿಬ್ಬರೂ ಏನೋ ಪಿಸುಗುಟ್ಟಿದ್ರು.

“ಏನಾಗಲ್ಲ ಕಣ್ರೇ, ಕೇಳಿಸ್ತಿದೆ” ಅಂದ್ರು ಅತ್ತೆ, ತಿರುಗದೇ.

ಡಾಕ್ಟ್ರು ಮಾಸ್ಕನ್ನ ಕಣ್ಣಿನ ತನಕ ಮೇಲೆಳೆದುಕೊಂಡ್ರು. ಅಲ್ಲಿ ಪೇಷೆಂಟೂ ಇರಲಿಲ್ಲ, ಡ್ರಿಲ್ಲೂ ಇರಲಿಲ್ಲ.

“ಯಾರು ಮಾಡಿದ್ದು ಇದನ್ನ?” ಅಂತ ಕೇಳಿದ್ರು ಅತ್ತೆ.

“ಗೂಬೆ.”

“ಉಪಕಾರ ಮಾಡಿದೋರನ್ನ ಹಂಗೆಲ್ಲ ಬೈಬಾರದು.”

“ಅತ್ತೆ, ಅವರ ಹೆಸರೇ ಅದು!”

ಅತ್ತೆ ಫೋನನ್ನ ಬಾಯಿ ಹತ್ತಿರ ಹಿಡಿದು ರೆಕಾರ್ಡ್ ಮಾಡಿಸಿದ್ರು. “ಗೂಬೆ, ನೀನು ಯಾರ ಮಗನೋ, ಯಾರ ಮಗಳೋ. ನನ್ನ ಮಕ್ಕಳ ಪಿಸುಮಾತೂ ಕೇಳಿಸ್ತು ಕಣಪ್ಪ ಇವತ್ತು. ನಿನ್ನ ಹೊಟ್ಟೆ ತಣ್ಣಗಿರಲಿ. ಹೊತ್ತು ಹೊತ್ತಿಗೆ ಊಟ ಮಾಡು.”

ಮಾರನೇ ದಿನ ಉತ್ತರ ಬಂತು. ಡಾಕ್ಟ್ರು ಓದಿ ಹೇಳಿದ್ರು: ‘ಒಂದು ಪದವೂ ಅರ್ಥ ಆಗಲಿಲ್ಲ. ಆದ್ರೆ ನನ್ನ ಮಿಷನ್ನಲ್ಲಿ, ನನ್ನ ಆ್ಯಪ್ಪಲ್ಲೇ ಕೇಳಿಸ್ಕೊಂಡೆ. ನಮ್ಮಮ್ಮ ಮಾತಾಡಿದ ಹಾಗಿತ್ತು. ಇನ್ನೊಂದು ಸ್ವಲ್ಪ ಮಾತಾಡೋಕೆ ಹೇಳ್ತೀಯಾ?’

ಅತ್ತೆ ಗಂಟಲು ಸರಿಮಾಡಿಕೊಂಡು ಫೋನಿಗೆ ಕೈ ಚಾಚಿದ್ರು.